ಬುದ್ಧಿ ಹಲ್ಲು ಕಿತ್ತ ದಿನ, ಮನೆ ತುಂಬ ಡಾಕ್ಟರುಗಳು

ಮುಂಬೈನ ಮಾಟುಂಗದಲ್ಲಿ ಹಲ್ಲು ಕೀಳಿಸಿಕೊಂಡು ಡೊಂಬಿವಲಿಗೆ ಸ್ಲೋ ಲೋಕಲ್ ಹತ್ತಿದಾಗ ನೋವೇ ಇರಲಿಲ್ಲ. ಕೆಳತುಟಿ ನನ್ನದೇ ಅಲ್ಲ ಅನ್ನೋ ಹಾಗೆ ಮರಗಟ್ಟಿತ್ತು. ಡಾಕ್ಟರ್ ಮಾತ್ರ ಒತ್ತಿ ಹೇಳಿದ್ದರು: "ಮರಗಟ್ಟಿದ್ದು ಬಿಡೋ ಮೊದಲೇ ಗುಳಿಗೆ ತಗೊಳ್ಳಿ. ನೋವು ಬರಲಿ ಅಂತ ಕಾಯಬೇಡಿ."

ಮನೆಯಲ್ಲಿ ಆಗಲೇ ಚರ್ಚೆ ನಡೆದಿತ್ತು. ಅತ್ತಿಗೆಯ ಪ್ರಕಾರ ಎಲ್ಲದಕ್ಕೂ ಡೋಲೋ 650, ಅಂದರೆ ಪ್ಯಾರಸಿಟಮಾಲ್. ಅಣ್ಣ ಹಿಂದೆ ಯಾವಾಗಲೋ ಉಳಿದಿದ್ದ ಕೆಟೊರೊಲ್ಯಾಕ್ ಅನ್ನೋ ನೋವಿನ ಗುಳಿಗೆ ಹುಡುಕಿ ತಂದಿದ್ದ. "ಇದು ಪವರ್‌ಫುಲ್ ಕಣೋ!" ನನ್ನ ಚೀಟಿಯಲ್ಲಿದ್ದದ್ದು ಐಬುಪ್ರೊಫೆನ್ 400 ಮತ್ತು ಪ್ಯಾರಸಿಟಮಾಲ್ 325 ಮಿಲಿಗ್ರಾಂ ಸೇರಿದ ಒಂದೇ ಗುಳಿಗೆ. ಗಂಜಿ ಕುಡಿದು ಅದನ್ನೇ ನುಂಗಿದೆ.

ಹಲ್ಲು ಕಿತ್ತ ಜಾಗದ ನೋವಿಗೆ ಊತದ್ದೇ ದೊಡ್ಡ ಪಾಲು. ಐಬುಪ್ರೊಫೆನ್ ಊತ ತರಿಸುವ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಮೈಯಲ್ಲಿ ತಯಾರಾಗದಂತೆ ತಡೆಯುತ್ತದೆ. ಪ್ಯಾರಸಿಟಮಾಲ್ ನೋವು, ಜ್ವರ ಇಳಿಸುತ್ತೆ, ಊತದ ಮೇಲೆ ಅದರ ಆಟ ಅಷ್ಟಕ್ಕಷ್ಟೆ. ಬುದ್ಧಿ ಹಲ್ಲು ತೆಗೆಸಿಕೊಂಡವರ ಮೇಲೆ ನಡೆದ ಪರೀಕ್ಷೆಗಳಲ್ಲೂ 400 ಮಿಲಿಗ್ರಾಂ ಐಬುಪ್ರೊಫೆನ್, 1000 ಮಿಲಿಗ್ರಾಂ ಪ್ಯಾರಸಿಟಮಾಲ್‌ಗಿಂತ ಚೆನ್ನಾಗಿ ನೋವು ತಗ್ಗಿಸಿದೆ. ಎರಡೂ ಕೂಡಿದರೆ ಇನ್ನೂ ಒಳ್ಳೇದು.

ಸಂಜೆ ದವಡೆ ಮಿಡಿಯತೊಡಗಿತು. ಅತ್ತಿಗೆ ನೀರಿನ ಲೋಟದ ಜೊತೆ ಡೋಲೋ ಹಿಡಿದು ನಿಂತರು. "ಸುಮ್ನೆ ಇದೊಂದು ತಗೋ, ಏನಾಗಲ್ಲ."

ಗುಳಿಗೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ತೋರಿಸಿದೆ. ಬಾಯಿ ತೆರೆಯಲು ಆಗುತ್ತಿರಲಿಲ್ಲ, ಬೆರಳಲ್ಲೇ ವಾದ. ಪ್ಯಾರಸಿಟಮಾಲ್ ಇದರಲ್ಲೇ ಇತ್ತಲ್ವಾ! ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಅದರ ಗಡಿ, ಮೀರಿದರೆ ಲಿವರ್‌ಗೆ ಪೆಟ್ಟು. ಹೆಸರು ಬೇರೆ, ಒಳಗಿನ ಮದ್ದು ಒಂದೇ ಅಂದಾಗಲೇ ಲೆಕ್ಕ ತಪ್ಪೋದು. ಅಣ್ಣನ ಗುಳಿಗೆಯದ್ದೂ ಅದೇ ಕಥೆ. ಕೆಟೊರೊಲ್ಯಾಕ್ ಐಬುಪ್ರೊಫೆನ್‌ನ ದಾಯಾದಿ, ಅದೇ ಗುಂಪಿನ ಮದ್ದು. ಎರಡನ್ನೂ ಜೊತೆಗೆ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಭಯ ಜಾಸ್ತಿ.

ಅತ್ತಿಗೆ ಹೇಳಿದ್ದರಲ್ಲೂ ಸತ್ಯವಿತ್ತು. ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಆಸ್ತಮಾದವರಿಗೆ ಐಬುಪ್ರೊಫೆನ್ ಒಗ್ಗಲ್ಲ. ಅವರಿಗೆ ಪ್ಯಾರಸಿಟಮಾಲೇ ಗತಿ. ನನಗೂ ಮರುದಿನ ಎದೆ ಉರಿ ಶುರುವಾಯಿತು. ಫೋನ್ ಮಾಡಿದರೆ ಡಾಕ್ಟರ್, ಊತ ಇಳಿಯುತ್ತಿದ್ದರೆ ಬರೀ ಪ್ಯಾರಸಿಟಮಾಲ್‌ಗೆ ಬನ್ನಿ ಅಂದರು.

ಅತ್ತಿಗೆ ಒಂದು ಮಾತೂ ಆಡದೆ ಡೋಲೋ ತಂದಿಟ್ಟರು. ಮುಖದ ಮೇಲಿನ ಗೆಲುವು ಮಾತ್ರ ಮುಚ್ಚಿಡಲಾಗಲಿಲ್ಲ.