ತಲೆಕೆಳಗಾದ ಭೂಪಟ ಮತ್ತು ನಮ್ಮ ಮೇಷ್ಟ್ರು

ಭೂಗೋಳದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಬ್ಯಾಚಿನವರೆಲ್ಲ ಒಂದೇ ಮಾತು ನೆನೆದರು: "ಈ ಗೆರೆ ಎಳೆದವರು ಯಾರು?" ಪಾಠ ಯಾವುದೇ ಇರಲಿ, ಕೋಲಿನ ತುದಿಯನ್ನು ಭೂಪಟದ ಮೇಲಿಟ್ಟು ಮೇಷ್ಟ್ರು ಅದನ್ನೇ ಕೇಳುತ್ತಿದ್ದರು. ಪಠ್ಯಪುಸ್ತಕದಲ್ಲಿ ಏನಿತ್ತೋ, ಒಂದೂ ನೆನಪಿಲ್ಲ. ಆ ಕೋಲು ನಿಂತ ಜಾಗಗಳೆಲ್ಲ ನೆನಪಿವೆ.

ಅದು ಜಾಸ್ತಿ ಹೊತ್ತು ನಿಲ್ಲುತ್ತಿದ್ದದ್ದು ಆಫ್ರಿಕಾದ ಮೇಲೆ. ಈಜಿಪ್ಟ್ ಮತ್ತು ಸುಡಾನ್ ನಡುವಿನ ಗಡಿ ಸ್ಕೇಲ್ ಇಟ್ಟು ಎಳೆದ ಹಾಗಿದೆ. "ನದಿ ಹೀಗೆ ಹರಿಯುತ್ತದೇನ್ರೋ? ಬೆಟ್ಟ ಹೀಗೆ ಸಾಲು ನಿಲ್ಲುತ್ತದಾ?" ಎನ್ನುತ್ತಿದ್ದರು. ಅಲ್ಲಿಂದ ಮಾತು 1884-85ರ ಬರ್ಲಿನ್ ಸಮ್ಮೇಳನಕ್ಕೆ ಹೋಗುತ್ತಿತ್ತು. ಆಫ್ರಿಕಾದ ನೆಲದ ಮೇಲೆ ಯಾರು ಹೇಗೆ ಹಕ್ಕು ಹೇಳಬಹುದು ಅಂತ ಯುರೋಪಿನ ದೇಶಗಳು ಕೂತು ನಿಯಮ ಮಾಡಿಕೊಂಡ ಸಭೆ ಅದು. ಆ ಮೇಜಿನ ಸುತ್ತ ಆಫ್ರಿಕಾದವರು ಒಬ್ಬರೂ ಇರಲಿಲ್ಲ. ಇದನ್ನು ಹೇಳುವಾಗ ಮೇಷ್ಟ್ರ ದನಿ ಗಡುಸಾಗುತ್ತಿತ್ತು.

ಅದೇ ಗಡಿಯಲ್ಲಿ ಬಿರ್ ತವೀಲ್ ಎಂಬ ಮರಳುಗಾಡಿನ ತುಂಡಿದೆ. ಸುಮಾರು 2,000 ಚದರ ಕಿಲೋಮೀಟರ್. 1899ರಲ್ಲಿ ಬ್ರಿಟಿಷರ ಕಾಲದಲ್ಲಿ ಒಂದು ಗೆರೆ ಆಯಿತು, 1902ರಲ್ಲಿ ಇನ್ನೊಂದು. ಸಮುದ್ರದ ಕಡೆಯ ದೊಡ್ಡ ತುಂಡು ತನಗೇ ಸಿಗಲಿ ಅಂತ ಈಜಿಪ್ಟ್ ಮೊದಲ ಗೆರೆ ಹಿಡಿಯಿತು, ಸುಡಾನ್ ಎರಡನೆಯದನ್ನು ಹಿಡಿಯಿತು. ಬಿರ್ ತವೀಲನ್ನು ತನ್ನದು ಎಂದರೆ ಆ ದೊಡ್ಡ ತುಂಡು ಕೈತಪ್ಪುತ್ತದೆ. ಹಾಗಾಗಿ ಎರಡಕ್ಕೂ ಅದು ಬೇಡ. "ಅಲ್ಲಿ ಕಳ್ಳತನವಾದರೆ ಯಾರ ಕಾನೂನು?" ಎಂದು ಮೇಷ್ಟ್ರು ಕೇಳಿದ ದಿನ ಗಂಟೆ ಹೊಡೆದರೂ ನಾವು ಏಳಲಿಲ್ಲ.

ಇತಿಹಾಸದ ಟೀಚರ್ ಬೇರೆ ತರಹ. ಭೂಪಟಕ್ಕೆ ದೇಶವೇ ಬೇಕಿಲ್ಲ, ಒಂದು ಬೀದಿ ಸಾಕು ಎನ್ನುತ್ತಿದ್ದರು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ಜಾನ್ ಸ್ನೋ ಸಾವುಗಳನ್ನು ಮನೆ ಮನೆಯಾಗಿ ನಕ್ಷೆಯಲ್ಲಿ ಗುರುತು ಹಾಕಿದರು. ಹೆಚ್ಚಿನ ಗುರುತುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ಜನ ನಂಬಿದ್ದ ಕಾಲ ಅದು!

ಇನ್ನು ಆ ಪ್ರಸಿದ್ಧ ತುಂಟಾಟ. ಒಂದು ದಿನ ನಮ್ಮ ಹಿಂದಿನ ಬೆಂಚಿನವರು ಭೂಪಟವನ್ನು ತಲೆಕೆಳಗಾಗಿ ನೇತುಹಾಕಿದೆವು. ಮೇಷ್ಟ್ರು ಬಂದರು, ನೋಡಿದರು. ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆವು. "ಇವತ್ತು ಹೀಗೇ ಇರಲಿ" ಎಂದು ಕೋಲು ತೆಗೆದುಕೊಂಡರು. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ದೊರೆಗೆ ಮಾಡಿಕೊಟ್ಟ ಭೂಪಟದಲ್ಲಿ ದಕ್ಷಿಣವೇ ಮೇಲಿತ್ತಂತೆ. ಉತ್ತರ ಮೇಲಿರಬೇಕು ಅಂತ ಭೂಮಿ ಹೇಳಿಲ್ಲ, ಬರೆದವರು ಹೇಳಿದ್ದು. ಆಮೇಲೆ ಗ್ರೀನ್‌ಲ್ಯಾಂಡ್ ತೋರಿಸಿದರು. ಭೂಪಟದಲ್ಲಿ ಅದು ಆಫ್ರಿಕಾದಷ್ಟೇ ದೊಡ್ಡದು. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು. 1569ರಲ್ಲಿ ಮರ್ಕೇಟರ್ ಹಡಗಿನವರಿಗೆ ದಿಕ್ಕು ತಪ್ಪದಿರಲಿ ಅಂತ ಮಾಡಿದ ಭೂಪಟ ಅದು. ಶಾಲೆಯ ಗೋಡೆಗೆ ಬಂದು ಕೂತು ದೇಶಗಳ ಅಳತೆಯನ್ನೇ ತಪ್ಪಾಗಿ ಕಲಿಸಿತು. ನನ್ನ ಇಡೀ ಶಾಲೆಯ ದಿನಗಳಲ್ಲಿ ಅಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ನಾನು ವಕೀಲನಾದೆ. ಜಮೀನಿನ ಕೇಸುಗಳಲ್ಲಿ ನನಗೆ ಒಳ್ಳೆಯ ಹೆಸರಿದೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಎದುರಿನವರು ನಕ್ಷೆ ಮುಂದಿಟ್ಟ ಕೂಡಲೇ ಇದನ್ನು ಅಳೆದವರು ಯಾರು, ಯಾವಾಗ, ಯಾರ ಮಾತಿನ ಮೇಲೆ ಅಂತ ಕೇಳುತ್ತೇನೆ. ಎಷ್ಟೋ ಕೇಸು ಅಲ್ಲೇ ತಿರುಗಿವೆ.

ಈಗಿನ ಮಕ್ಕಳಿಗೆ ಭೂಪಟ ಅಂದರೆ ಪರೀಕ್ಷೆಗೆ ಬಣ್ಣ ತುಂಬುವ ಹಾಳೆ, ಇಲ್ಲವೇ ಫೋನಿನಲ್ಲಿ ದಾರಿ ತೋರಿಸುವ ಬಾಣ. ಪಾಪ, ಅವರ ತಪ್ಪಲ್ಲ. ಗೋಡೆಯಲ್ಲಿ ಭೂಪಟವೇ ಇಲ್ಲದಿದ್ದರೆ ಪ್ರಶ್ನೆ ಎಲ್ಲಿಂದ ಹುಟ್ಟಬೇಕು, ಅಲ್ವಾ?

ಅದಕ್ಕೇ ಮೇಷ್ಟ್ರ ಹೆಸರಲ್ಲಿ ನಮ್ಮ ಬ್ಯಾಚಿನವರು ಪ್ರತಿ ತರಗತಿಗೂ ಎರಡು ಭೂಪಟ ಕೊಡುತ್ತಿದ್ದೇವೆ: ಒಂದು ಮರ್ಕೇಟರದು, ಇನ್ನೊಂದು ದೇಶಗಳ ವಿಸ್ತೀರ್ಣ ಸರಿಯಾಗಿ ತೋರಿಸುವುದು. ಮುಖ್ಯೋಪಾಧ್ಯಾಯರಲ್ಲಿ ಒಂದೇ ಕೋರಿಕೆ. ದಯವಿಟ್ಟು ಇವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಅಕ್ಕಪಕ್ಕದಲ್ಲೇ, ಮಕ್ಕಳ ಕೈಗೆಟಕುವ ಎತ್ತರದಲ್ಲಿ ತೂಗುಹಾಕಿ.