ದುಡ್ಡು ಕೊಡ್ತೀನಂದ್ರೂ ಬೇಡ ಅನ್ನೋ ಟಿವಿ

ಬೇರೆ ದೇಶದಲ್ಲಿದ್ದಷ್ಟು ದಿನ ನನಗೆ ಬೇಕಿದ್ದದ್ದು ಸಣ್ಣ ವಿಷಯ. ಸಂಜೆ ಮನೆಗೆ ಬಂದು ಟಿವಿ ಹಾಕಿದರೆ ನಮ್ಮ ಭಾಷೆ ಕೇಳಿಸಬೇಕು, ಅಷ್ಟೇ. ಅದಕ್ಕೇ ಊರಿಂದ ಬರುವಾಗ ಸೆಟ್ ಟಾಪ್ ಬಾಕ್ಸು, ಚಾನೆಲ್‌ಗಳ ಬೀಗ ಬಿಡಿಸೋಕೆ ಅದರೊಳಗೆ ಹಾಕೋ ಕಾರ್ಡು ಎರಡನ್ನೂ ಸೂಟ್‌ಕೇಸಿನಲ್ಲಿ ಸ್ವೆಟರ್ ಒಳಗೆ ಸುತ್ತಿ ತಂದಿದ್ದೆ. ಡಿಶ್ ಮಾತ್ರ ಅಲ್ಲೇ ಕೊಂಡೆ, ಮನೆಯಲ್ಲಿದ್ದದ್ದಕ್ಕಿಂತ ಸುಮಾರು ದೊಡ್ಡದು. ಉಪಗ್ರಹದ ಸಿಗ್ನಲ್ ಕಿರಣ ಎಲ್ಲಿಗೆ ಬೀಳಬೇಕೋ ಅದರ ಅಂಚಿನಲ್ಲಿ ನಾವಿದ್ದೆವು. ಅಂಚಿನಲ್ಲಿ ಸಿಗ್ನಲ್ ತೆಳ್ಳಗಿರುತ್ತದೆ, ಹಿಡಿಯೋಕೆ ದೊಡ್ಡ ಬಾಯಿ ಬೇಕು.

ಡಿಶ್ ತಿರುಗಿಸೋ ಕೆಲಸ ಮಾಡಿದವರಿಗೆ ಗೊತ್ತು, ಅದರಷ್ಟು ತಾಳ್ಮೆ ಕೆಡಿಸೋದು ಇನ್ನೊಂದಿಲ್ಲ. ಮೀಟರ್‌ನಲ್ಲಿ ಸ್ಟ್ರೆಂತ್ 80, ಕ್ವಾಲಿಟಿ ಸೊನ್ನೆ. ಏನೋ ಸಿಕ್ಕಿದೆ, ಆದರೆ ನಮ್ಮದಲ್ಲ ಅಂತ ಅರ್ಥ. ಉಪಗ್ರಹ ಇರೋದು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಇಲ್ಲಿ ಡಿಶ್ ಒಂದೇ ಒಂದು ಡಿಗ್ರಿ ಆಚೀಚೆ ಆದರೆ ಅಲ್ಲಿ ಆರುನೂರು ಕಿಲೋಮೀಟರಿಗೂ ಜಾಸ್ತಿ ಗುರಿ ತಪ್ಪುತ್ತದೆ. ಡಿಶ್ ಮುಂದೆ ಸಿಗ್ನಲ್ ಹಿಡಿಯೋಕೆ ಇರೋ ಎಲ್‌ಎನ್‌ಬಿ ಊರಲ್ಲಿ ಇದ್ದ ಓರೆ ಇಲ್ಲಿ ನಡೆಯಲ್ಲ, ಜಾಗ ಬದಲಾದರೆ ಅದನ್ನೂ ತಿರುವಬೇಕು ಅಂತ ನನಗೆ ಹೊಳೆದದ್ದು ಎರಡನೇ ದಿನ. ಕೊನೆಗೆ ಕ್ವಾಲಿಟಿ 40ಕ್ಕೆ ಬಂತು, ಖುಷಿಯಲ್ಲಿ ನಟ್ಟು ಬಿಗಿ ಮಾಡಿದೆ, ಬಿಗಿ ಮಾಡೋವಾಗಲೇ ಡಿಶ್ ಕೂದಲೆಳೆಯಷ್ಟು ಜರುಗಿ ಮತ್ತೆ ಸೊನ್ನೆ. ಮೂರನೇ ಸಲ ಒಂದು ಕೈಯಲ್ಲಿ ಡಿಶ್ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಿ, ಉಸಿರು ಬಿಗಿ ಹಿಡಿದು ಮುಗಿಸಿದೆ. ಚಿತ್ರ ಬಂತು.

ನಿಜವಾದ ತಲೆನೋವು ಶುರುವಾದದ್ದು ಆಮೇಲೆ, ರೀಚಾರ್ಜ್ ಮಾಡೋಕೆ ಹೋದಾಗ. ಅಲ್ಲಿನ ಬ್ಯಾಂಕ್ ಕಾರ್ಡ್ ನಡೆಯಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ, ಹೊರದೇಶದಲ್ಲಿದ್ದೀನಿ ಅಂದೆ. ಆ ಹುಡುಗ ಪಾಪ ಮರ್ಯಾದೆಯಾಗಿಯೇ ಹೇಳಿದ, 'ಸರ್, ದೇಶದ ಹೊರಗೆ ನಮ್ಮ ಸರ್ವೀಸ್ ಇಲ್ಲ.' ನಾನು ಹೇಳಿದೆ, 'ಸರ್ವೀಸ್ ಇದೆಯಪ್ಪಾ, ಈಗ ನನ್ನ ಮುಂದೆ ಟಿವಿಯಲ್ಲೇ ಓಡ್ತಾ ಇದೆ, ದುಡ್ಡು ತಗೊಳ್ಳಿ ಅಂತಿದ್ದೀನಿ ಅಷ್ಟೇ.' ಆಗಲ್ಲ ಅಂದ. ಆಮೇಲೆ ಭಾವನ ಹೆಸರಿಗೆ, ಭಾವನ ವಿಳಾಸಕ್ಕೆ ಕನೆಕ್ಷನ್ ಬದಲಾಯಿಸಿದೆವು. ತಿಂಗಳು ತಿಂಗಳು ಅವರು ರೀಚಾರ್ಜ್ ಮಾಡೋದು, ನಾನು ಅವರಿಗೆ ದುಡ್ಡು ಹಾಕೋದು.

ಇದರಲ್ಲಿ ಕಳ್ಳತನ ಎಲ್ಲಿದೆ ಅಂತ ನನಗೆ ಆವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಅವರು ಆಗಲ್ಲ ಅನ್ನೋದಕ್ಕೆ ಕಾರಣ ಗೊತ್ತಿಲ್ಲ ಅಂತಲ್ಲ. ಚಾನೆಲಿನವರು ಸಿನಿಮಾ, ಕ್ರಿಕೆಟ್ ಕೊಳ್ಳೋದು ದೇಶ ದೇಶಕ್ಕೆ ಬೇರೆ ಬೇರೆ ಲೆಕ್ಕದಲ್ಲಿ. ಒಂದೇ ಮ್ಯಾಚನ್ನು ಹತ್ತು ದೇಶದಲ್ಲಿ ಹತ್ತು ಜನಕ್ಕೆ ಮಾರಿರುತ್ತಾರೆ. ಉಪಗ್ರಹಕ್ಕೆ ಮಾತ್ರ ಗಡಿ ಕಾಣಲ್ಲ, ಅದು ಮೇಲಿಂದ ಸುರಿಯುತ್ತಲೇ ಇರುತ್ತದೆ. ಹಾಗಾಗಿ ಬೇಲಿ ಹಾಕೋಕೆ ಉಳಿದ ಜಾಗ ಒಂದೇ, ಬಿಲ್ಲಿನಲ್ಲಿ ಬರೆದ ವಿಳಾಸ.

ಕೆನಡಾದಲ್ಲಿ ಇದು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅಮೆರಿಕದ ಉಪಗ್ರಹ ಟಿವಿ ಕಂಪನಿ ಡೈರೆಕ್ಟಿವಿ 1994ರಲ್ಲಿ ಶುರುವಾದ ಮೇಲೆ ಗಡಿ ಆಚೆಗಿನ ಕೆನಡಾದವರೂ ಡಿಶ್ ಹಾಕಿಸಿಕೊಂಡರು. ಅಮೆರಿಕದಲ್ಲೊಂದು ವಿಳಾಸ ಹೊಂದಿಸಿಕೊಂಡು ತಿಂಗಳ ಚಂದಾ ಕಟ್ಟುವವರನ್ನು ಗ್ರೇ ಮಾರ್ಕೆಟ್ ಅಂತ ಕರೆದರು. ನಕಲಿ ಕಾರ್ಡ್ ಹಾಕಿ ಪುಕ್ಕಟೆ ನೋಡುವವರು ಬ್ಲ್ಯಾಕ್ ಮಾರ್ಕೆಟ್. ಈ ಎರಡನೇ ಗುಂಪಿನವರಿಗೆ 2001ರ ಜನವರಿ 21ರಂದು ಚೆನ್ನಾಗಿ ಬಿತ್ತು. ಡೈರೆಕ್ಟಿವಿ ಆಕಾಶದಿಂದಲೇ ಒಂದು ಸಂಕೇತ ಕಳಿಸಿ ರಾಶಿ ರಾಶಿ ನಕಲಿ ಕಾರ್ಡುಗಳನ್ನು ಸಾಯಿಸಿತು, ಅದೂ ಅಮೆರಿಕನ್ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಮ್ಯಾಚಿಗೆ ಸರಿಯಾಗಿ ಒಂದು ವಾರ ಮುಂಚೆ. ಟೈಮಿಂಗ್ ನೋಡಿ! ಅದರ ಬಗ್ಗೆ ನನಗೆ ಬೇಜಾರಿಲ್ಲ, ಕದ್ದವರಿಗೆ ಸಿಗಬೇಕಾದ್ದು ಸಿಕ್ಕಿತು. ಆದರೆ 2002ರ ಏಪ್ರಿಲ್‌ನಲ್ಲಿ ಕೋರ್ಟು, ಕೆನಡಾದಲ್ಲಿ ಹಕ್ಕಿರುವವರ ಅನುಮತಿ ಇಲ್ಲದೆ ಬೀಗ ಹಾಕಿದ ಸಿಗ್ನಲ್ ಬಿಡಿಸಿ ನೋಡೋದೇ ತಪ್ಪು ಅಂದುಬಿಟ್ಟಿತು. ಅಮೆರಿಕದ ಕಂಪನಿಗೆ ದುಡ್ಡು ಕಟ್ಟಿದ್ದೀರೋ ಇಲ್ಲವೋ ಅನ್ನೋದು ಲೆಕ್ಕಕ್ಕೇ ಬರಲಿಲ್ಲ. ಬಿಲ್ ಕಟ್ಟಿದವನೂ ಕದ್ದವನೂ ಒಂದೇ ಸಾಲಿನಲ್ಲಿ ನಿಂತರು.

ಯುರೋಪಿನಲ್ಲಿ ಇದರ ಉಲ್ಟಾ ಆಯಿತು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಪಬ್ ನಡೆಸುತ್ತಿದ್ದ ಕ್ಯಾರೆನ್ ಮರ್ಫಿ ಗ್ರೀಸ್‌ನ ನೋವಾ ಕಂಪನಿಯ ಕಾರ್ಡ್ ತರಿಸಿ, ಪ್ರೀಮಿಯರ್ ಲೀಗ್ ಫುಟ್‌ಬಾಲ್ ತೋರಿಸುತ್ತಿದ್ದರು. ಬ್ರಿಟನ್ನಿನ ಟಿವಿ ಕಂಪನಿ ಸ್ಕೈನವರ ಪಬ್ ರೇಟಿಗಿಂತ ಅದು ಬಹಳ ಅಗ್ಗ. ಕೇಸು ಬಿತ್ತು, ದಂಡ ಬಿತ್ತು. ಆಕೆ ಬಿಡಲಿಲ್ಲ. 2011ರ ಅಕ್ಟೋಬರ್ 4ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಒಂದು ಸದಸ್ಯ ದೇಶದಲ್ಲಿ ದುಡ್ಡು ಕೊಟ್ಟು ತಗೊಂಡ ಕಾರ್ಡನ್ನು ಇನ್ನೊಂದು ಸದಸ್ಯ ದೇಶದಲ್ಲಿ ಬಳಸಬಾರದು ಅಂತ ತಡೆಯೋಕಾಗಲ್ಲ ಅಂತ ಹೇಳಿತು. 2012ರ ಫೆಬ್ರವರಿಯಲ್ಲಿ ಆಕೆಯ ಮೇಲಿದ್ದ ತೀರ್ಪು ರದ್ದಾಯಿತು. ನನಗೆ ಇಷ್ಟವಾದ ಭಾಗ ಇನ್ನೊಂದಿದೆ. ಕಾರ್ಡ್ ತಗೊಳ್ಳೋಕೆ ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟಿದ್ದರೂ ಅದೊಂದೇ ಕಾರಣಕ್ಕೆ ಆ ಕಾರ್ಡು ಅಕ್ರಮ ಸಾಧನ ಆಗಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಇದನ್ನು ಭಾವನಿಗೆ ಓದಿ ಹೇಳಿದೆ. 'ನಾವು ಯುರೋಪಿನಲ್ಲಿ ಇಲ್ವಲ್ಲೋ' ಅಂದರು.

ಆಮೇಲೆ ಆ ತೀರ್ಪಿಗೂ ಒಂದು ಬಾಲ ಇತ್ತು ಅನ್ನಿ. ಮ್ಯಾಚಿಗೆ ಕಾಪಿರೈಟ್ ಇಲ್ಲ, ಆದರೆ ಮ್ಯಾಚಿಗೆ ಮುಂಚೆ ಬರೋ ವಿಡಿಯೋ, ಲೀಗಿನ ಹಾಡು, ಗ್ರಾಫಿಕ್ಸು ಇವಕ್ಕೆಲ್ಲ ಇರಬಹುದು, ಪಬ್‌ನಲ್ಲಿ ಜನರೆದುರು ಅವನ್ನು ತೋರಿಸೋಕೆ ಅನುಮತಿ ಬೇಕು ಅಂತ. ಆಟ ತೋರಿಸಬಹುದು, ಆಟದ ಮುಂಚಿನ ಹಾಡು ಬೇಡ! ವಕೀಲರಿಗೆ ಮಾತ್ರ ಹೊಳೆಯೋ ವಿಷಯ ಇದು.

ಬೇಲಿ ಹಾಕೋಕೆ ಇನ್ನೊಂದು ದಾರಿ ಇದೆ, ಅದರ ಜಾಣತನ ಒಪ್ಪಲೇಬೇಕು. ಬಿಬಿಸಿಯವರು 2003ರಲ್ಲಿ ಉಪಗ್ರಹದ ಚಾನೆಲ್‌ಗಳ ಬೀಗವನ್ನೇ ತೆಗೆದರು. ಕಾರ್ಡೂ ಬೇಡ, ಏನೂ ಬೇಡ. ಅವರು ಬಳಸುತ್ತಿದ್ದ ಆಸ್ಟ್ರಾ 2ಡಿ ಉಪಗ್ರಹದ ಕಿರಣ ಸಣ್ಣದು, ಹೆಚ್ಚುಕಮ್ಮಿ ಬ್ರಿಟನ್ ಮೇಲೆ ಮಾತ್ರ ಬೀಳೋದು. ಆದರೂ ಸ್ಪೇನ್‌ಗೆ ಹೋಗಿ ನೆಲೆಸಿದ ಬ್ರಿಟಿಷರು ಸುಮ್ನೆ ಕೂರಲಿಲ್ಲ, ದೊಡ್ಡ ದೊಡ್ಡ ಡಿಶ್ ಹಾಕಿ ಅಂಚಿನ ಸಿಗ್ನಲನ್ನೂ ಹಿಡಿದರು. 2014ರ ಫೆಬ್ರವರಿಯಲ್ಲಿ ಚಾನೆಲ್‌ಗಳು ಆಸ್ಟ್ರಾ 2ಇಗೆ ಹೋದವು, ಅದರ ಕಿರಣ ಇನ್ನೂ ಬಿಗಿ, ಅಲ್ಲಿ ಎಷ್ಟೋ ಮನೆಗಳಲ್ಲಿ ಟಿವಿ ಒಮ್ಮೆಗೇ ಕಪ್ಪಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಕೋರ್ಟಿನ ಜೊತೆ ವಾದ ಮಾಡಬಹುದು, ಕಿರಣದ ಜೊತೆ ಏನು ವಾದ ಮಾಡೋದು?

ನನ್ನ ವಿಷಯಕ್ಕೆ ಬಂದರೆ, ಎರಡು ವರ್ಷ ಆರಾಮಾಗಿ ನಡೀತು. ಒಂದು ದಿನ ಪರದೆ ಮೇಲೆ ಕಾರ್ಡ್ ಓದೋಕಾಗ್ತಿಲ್ಲ ಅಂತ ಏನೋ ನಂಬರ್ ಬಂತು. ತೆಗೆದು ಒರೆಸಿ ಹಾಕಿದೆ, ಹೋಗಲಿಲ್ಲ. ಅಭ್ಯಾಸಬಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟುಬಿಟ್ಟೆ. ಹೊರದೇಶ ಅಂತ ಈ ಸಲ ಬಾಯಿ ಬಿಡಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಕಂಪ್ಲೇಂಟ್ ಹೋಗೋದು ಯಾವ ವಿಳಾಸಕ್ಕೆ ಅಂತ ಮಾತ್ರ ಯೋಚನೆ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಭಾವನ ಮನೆ ಬಾಗಿಲಿಗೆ ಹುಡುಗನೊಬ್ಬ ಬ್ಯಾಗ್ ಹಾಕಿಕೊಂಡು ಬಂದು, 'ಸರ್, ಡಿಶ್ ಎಲ್ಲಿದೆ?' ಅಂದನಂತೆ. ಭಾವ ಅವನನ್ನು ಕೂರಿಸಿ, ಕಾಫಿ ಕೊಟ್ಟು, ಐದು ನಿಮಿಷ ಯೋಚನೆ ಮಾಡಿ, 'ಗಾಳಿಗೆ ಬಿತ್ತಪ್ಪಾ, ರಿಪೇರಿಗೆ ಕೊಟ್ಟಿದ್ದೀವಿ' ಅಂದರಂತೆ. ಅವನು ಖಾಲಿ ಟೆರೇಸಿನ ಒಂದು ಫೋಟೋ ತೆಗೆದುಕೊಂಡು ಹೋದ.