ಮದ್ದು ಬಿಟ್ಟವರನ್ನು ದೂರುವ ಮೊದಲು ನಳ್ಳಿ ಹೆಕ್ಕಿ ನೋಡಿ

ಮಳೆ ಜೋರಿರುವ ಆಟಿ ತಿಂಗಳಲ್ಲಿ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ಮರದ ಬುಡದಲ್ಲಿ ನಾಲ್ಕು ನಳ್ಳಿ (ಎಳೆ ಅಡಿಕೆಕಾಯಿ) ಬಿದ್ದರೆ ಸಾಕು, "ಈ ಸಲ ಮದ್ದು ಸರಿ ಬಿಟ್ಟಿಲ್ಲ" ಎಂಬ ಮಾತು ಹೊರಡುತ್ತದೆ. ಸಂಜೆಯೊಳಗೆ ಅದು ಊರು ಸುತ್ತಿ, ಮಳೆಯಲ್ಲಿ ಮರ ಹತ್ತಿದ ಮನುಷ್ಯನ ಮುಂದಿನ ವರ್ಷದ ಕೆಲಸಕ್ಕೇ ಕಲ್ಲು ಹಾಕುತ್ತದೆ. ಇದು ಅನ್ಯಾಯ. ಬಿದ್ದ ನಳ್ಳಿಯನ್ನು ಯಾರೂ ಹೆಕ್ಕಿ ನೋಡಿರುವುದೇ ಇಲ್ಲ.

ತೊಟ್ಟಿನ ಹತ್ತಿರ ನೀರಲ್ಲಿ ನೆನೆದಂಥ ಕಲೆ, ಬಿದ್ದ ಮೇಲೆ ಮೈಗೆ ಬಿಳಿ ಬೂಸ್ಟು: ಇದು ಕೊಳೆರೋಗ, ನಮ್ಮ ಕಡೆಯ ಮಹಾಳಿ. ಸೂಜಿ ಚುಚ್ಚಿದಂಥ ಸಣ್ಣ ಕಂದು ಚುಕ್ಕಿಗಳಿದ್ದರೆ ರಸ ಹೀರುವ ತಿಗಣೆಯನ್ನು ಅನುಮಾನಿಸಬೇಕು. ನಾವು ಬಿಡುವ ಮದ್ದು ಬೋರ್ಡೋ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ. ಅದು ಕೊಳೆರೋಗ ತರುವ ಶಿಲೀಂಧ್ರಕ್ಕೆ ಇರುವುದು; ಎಷ್ಟು ಚೆನ್ನಾಗಿ ಬಿಟ್ಟರೂ ತಿಗಣೆ ನಿಲ್ಲುವುದಿಲ್ಲ.

ಕೊಳೆರೋಗವೇ ಹೌದಾದರೆ ಮುಂದಿನ ಪ್ರಶ್ನೆ ಸುಣ್ಣದ್ದು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಟ್ಟ ಸುಣ್ಣ. ಎರಡನ್ನೂ ತಲಾ 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರನ್ನು ಸೋಸಿ, ತುತ್ತಿನ ನೀರನ್ನು ಅದಕ್ಕೆ ನಿಧಾನವಾಗಿ ಹೊಯ್ಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಆಗದು. ಸುಣ್ಣ ತಂದಿಡುವುದು ಹೆಚ್ಚಾಗಿ ತೋಟದವರೇ. ಚೀಲ ಬಾಯಿ ಬಿಟ್ಟು ವಾರಗಟ್ಟಲೆ ಗಾಳಿಗೆ ಬಿದ್ದಿದ್ದರೆ ಅದರ ಬಲ ಹೋಗಿರುತ್ತದೆ, ದ್ರಾವಣ ಹುಳಿಯಾಗಿ ಉಳಿದು ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆ ನಳ್ಳಿಯನ್ನು ಸುಡುತ್ತದೆ. ಪರೀಕ್ಷೆ ಸುಲಭ: ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಕಲಸಿದ ದಿನವೇ ಬಿಟ್ಟು ಮುಗಿಸಬೇಕು. ಮರುದಿನಕ್ಕೆ ಉಳಿಸಿದ್ದು ಅಡಿಕೆ ಕೊನೆಗೆ (ಗೊನೆಗೆ) ಹಿಡಿಯುವುದಿಲ್ಲ.

ಆಮೇಲೆ ಕ್ಯಾಲೆಂಡರ್ ನೋಡಿ. ಮೊದಲ ಮದ್ದು ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಬಿಡದೆ ಅದು 60 ದಿನಕ್ಕೆ ಹೋಗಿದ್ದರೆ, ನಡುವೆ ಹೊಸದಾಗಿ ಕಾಯಿ ಕಚ್ಚಿದ ನಳ್ಳಿಗೆ ಮದ್ದೇ ಸಿಕ್ಕಿಲ್ಲ. ಬಿಟ್ಟ ಮದ್ದು ಒಣಗುವ ಮೊದಲೇ ಮಳೆ ಹೊಡೆದಿತ್ತೇ? ಅದನ್ನೂ ನೆನಪಿಸಿಕೊಳ್ಳಿ.

ಇಷ್ಟಾದ ಮೇಲೆ ಕೊನೆಗಳನ್ನು ನೋಡಬಹುದು. ಒಳಮೈಗೂ ನೀಲಿ ಲೇಪ ಹತ್ತಿದ್ದು, ತೋಡಿನ ಬದಿಯ ಒತ್ತು ಮರಗಳಲ್ಲಷ್ಟೇ ಉದುರಿದ್ದರೆ ಅಲ್ಲಿನ ತೇವ, ನೆರಳು ಕಾರಣ. ಹೊರಮೈಗೆ ಮಾತ್ರ ಲೇಪ ಇದ್ದರೆ ಮದ್ದು ಒಂದೇ ದಿಕ್ಕಿನಿಂದ ಬಿದ್ದಿದೆ. ನೆಲದಲ್ಲಿ ನಿಂತು ಉದ್ದ ಕೋಲಿನ ದೋಟಿಯಿಂದ ಬಿಡುವಾಗ ಹೀಗಾಗುವುದುಂಟು. ಆಗ ಬಿಟ್ಟವರನ್ನೇ ಕರೆದು ಆ ಕೊನೆ ತೋರಿಸಿ ಮಾತಾಡಿ. ಉದುರಿದ್ದನ್ನೆಲ್ಲ ಅಂದೇ ಹೆಕ್ಕಿ ತೋಟದಿಂದ ಹೊರಗೆ ಸುಡಿ, ಉಳಿದ ಕೊನೆಗಳಿಗೆ ಮಳೆ ಬಿಟ್ಟು ಹೊಳವಾದ ಮೊದಲ ದಿನವೇ ಇನ್ನೊಮ್ಮೆ ಮದ್ದು ಆಗಬೇಕು.